ಮೂರನೆಯ ಬಾಟಲಿಯ ಮಣ್ಣು

ತೊಲೆಯ ಬುಡದಲ್ಲಿ ನೀಲಿ ಎಣ್ಣೆಬಣ್ಣದಿಂದ ‘ದೇವರ ಮನಿ ೨’ ಎಂದು ಬರೆದಿತ್ತು. ಬಣ್ಣ ಸಾಲದೆ ಎರಡರ ಬಾಲ ಅರ್ಧಕ್ಕೇ ನಿಂತಿತ್ತು. ಟೇಪು ಹಿಡಿದು ಅಳೆದೆ: ಒಂಬತ್ತು ಅಡಿ ನಾಲ್ಕು ಇಂಚು. ಒಂದು ತುದಿಯನ್ನು ಗೆದ್ದಲು ತಿಂದಿತ್ತು. ಅದನ್ನು ಕೊಯ್ದರೆ ಒಂಬತ್ತು ಅಡಿ ಸರಿಯಾಗಿ ಸಿಗುತ್ತಿತ್ತು.

ಕೊಲ್ಹಾರದ ಹೊಸ ಊರಿನಲ್ಲಿ ನನ್ನ ದೊಡ್ಡವ್ವನ ಹಿತ್ತಲಲ್ಲಿ ಇಂಥ ತೊಲೆಗಳು ಹನ್ನೊಂದು ಇದ್ದವು. ಹಳೆಯ ಊರು ಅಣೆಕಟ್ಟಿನ ಹಿನ್ನೀರಿಗೆ ಹೋಗುವ ಮೊದಲು ದೊಡ್ಡಪ್ಪ ಮನೆಯನ್ನು ಕೈಯಾರೆ ಬಿಚ್ಚಿ, ಒಂದೊಂದು ತೊಲೆಗೂ ಜಂತಿಗೂ ಅದು ಯಾವ ಕೋಣೆಯದು, ಎಷ್ಟನೆಯದು ಎಂದು ಬರೆದು, ಟ್ರ್ಯಾಕ್ಟರಿನಲ್ಲಿ ಇಲ್ಲಿಗೆ ತಂದಿದ್ದರು. ಆದರೆ ಇಲ್ಲಿ ಎದ್ದದ್ದು ತಗಡು ಹೊದಿಸಿದ ಎರಡು ಕೋಣೆ ಮಾತ್ರ. ತೊಲೆಗಳು ಹಿತ್ತಲಲ್ಲೇ ಉಳಿದವು. ಅವುಗಳ ಮೇಲೆ ತೊಗರಿ ಕಟ್ಟಿಗೆ ಒಟ್ಟಿದ್ದರು, ಸಂದಿಯಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು.

ಆಗ ನಾನು ಆರ್ಕಿಟೆಕ್ಚರ್ ಓದಿನ ಕೊನೆಯ ವರ್ಷದಲ್ಲಿದ್ದೆ. ಸಿಮೆಂಟು, ಕಬ್ಬಿಣ, ಸುಟ್ಟ ಇಟ್ಟಿಗೆ ಮನೆಯ ಬಾಗಿಲಿಗೆ ಬರುವ ಮೊದಲೇ ಎಷ್ಟು ಇಂಧನ ಸುಟ್ಟು ಬರುತ್ತವೆ, ಅದರ ಹೊಗೆ ಗಾಳಿಯಲ್ಲಿ ಸೇರಿ ಏನು ಮಾಡುತ್ತದೆ ಎಂಬ ಪಾಠ ಕಾಲೇಜಿಗೆ ಹೊಸದಾಗಿ ಬಂದಿತ್ತು. ಬೇಕಾದವರು ತೆಗೆದುಕೊಳ್ಳಬಹುದಾದ ವಿಷಯ. ಮಧ್ಯಾಹ್ನ ಊಟದ ನಂತರದ ಕ್ಲಾಸು. ಹನ್ನೆರಡು ಜನ ಸೇರಿದ್ದೆವು, ನಮ್ಮಲ್ಲಿ ಎಂಟು ಜನ ನಿದ್ದೆ ಮಾಡುತ್ತಿದ್ದರು. ನಾನು ನಿದ್ದೆ ಮಾಡಲಿಲ್ಲ. ಮನೆ ಕಟ್ಟುವುದೆಂದರೆ ಏನನ್ನು ತರಬೇಕು ಎನ್ನುವುದಕ್ಕಿಂತ ಮೊದಲು ಏನು ಇದೆ ಎಂದು ನೋಡುವುದು ಎಂದು ಅಲ್ಲಿ ಯಾರೋ ಮೊದಲ ಸಲ ಹೇಳಿದ್ದರು. ನನ್ನ ಸ್ವಭಾವಕ್ಕೆ ಅದು ಹೊಂದಿತು. ಇದ್ದದ್ದನ್ನು ಅಳೆಯುವುದು ನನಗೆ ಬರುತ್ತಿತ್ತು.

ಕೊನೆಯ ವರ್ಷದ ಪ್ರಬಂಧಕ್ಕೆ ನಮ್ಮ ಕಡೆಯ ಮಣ್ಣಿನ ಮಾಳಿಗೆಯ ಮನೆಗಳನ್ನೇ ಆರಿಸಿಕೊಂಡೆ. ಮಾಳಿಗೆ ಅಂದರೆ ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆ ಸೊಪ್ಪು ಹಾಸಿ ಮಣ್ಣು ಬಡಿದ ಸಪಾಟು ಛಾವಣಿ. ಶನಿವಾರ ರವಿವಾರ ಬಸವನ ಬಾಗೇವಾಡಿಯ ನಮ್ಮ ಮನೆಯಿಂದ ಹೊರಟು ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯ ಹಳ್ಳಿಗಳನ್ನು ಸುತ್ತುತ್ತಿದ್ದೆ. ಗುರುತಿಲ್ಲದ ಮನೆಯ ಮುಂದೆ ನಿಂತು ಒಳಗೆ ಬರಬಹುದೇ ಎಂದು ಕೇಳಬೇಕು. ಆ ಕೇಳುವುದೇ ನನಗೆ ದಣಿವು, ಅಳತೆಯಲ್ಲ. ದೇವಣಗಾಂವದಲ್ಲಿ ಒಬ್ಬಾಕೆ ನನ್ನ ಕೈಯಲ್ಲಿನ ಟೇಪು ನೋಡಿ, “ಮನಿ ಕೆಡವಾಕ ಬಂದೀಯೇನ?” ಎಂದು ಬಾಗಿಲಿಗೆ ಅಡ್ಡ ಕುಳಿತಿದ್ದಳು. ಮೋರಟಗಿಯಲ್ಲಿ, ಬೀದಿಯಲ್ಲಿ ಕಾಲಿಡಲಾಗದ ಮಧ್ಯಾಹ್ನ, ಮಾಳಿಗೆಯ ಕೆಳಗೆ ಒಬ್ಬ ಮುದುಕ ದುಪ್ಪಟಿ ಹೊದ್ದು ಮಲಗಿದ್ದ. ಥರ್ಮಾಮೀಟರಿನ ಅಂಕಿಗಿಂತ ಆ ದುಪ್ಪಟಿಯೇ ನನ್ನ ನೆನಪಿನಲ್ಲಿ ಉಳಿದಿದೆ. ಸೋಮವಾರ ಬೆಳಗ್ಗೆ ಮತ್ತೆ ಕಾಲೇಜಿನಲ್ಲಿ ಟ್ರೇಸಿಂಗ್ ಹಾಳೆಯ ಮೇಲೆ ಬಗ್ಗಿ ಕೂರುತ್ತಿದ್ದೆ. ಆ ವರ್ಷ ಬಸ್ಸಿನ ಕಿಟಕಿಗೆ ತಲೆ ಬಡಿದು ಎಚ್ಚರಾದದ್ದೇ ಹೆಚ್ಚು.

ಅದೇ ಬೇಸಗೆಯಲ್ಲಿ ದೊಡ್ಡವ್ವನ ಮಗಳು, ಇಂಡಿಗೆ ಕೊಟ್ಟ ನನ್ನ ಅಕ್ಕ, ಚೊಚ್ಚಲ ಹೆರಿಗೆಗೆ ತವರಿಗೆ ಬರುವುದಿತ್ತು. ದಿನ ತುಂಬುವುದು ಮಿರಗದ, ಅಂದರೆ ಮೃಗಶಿರದ, ಮಳೆಯ ಹೊತ್ತಿಗೆ. ತಗಡಿನ ಕೆಳಗೆ ಬಾಣಂತಿಯನ್ನು ಇಡುವುದು ಹೇಗೆ ಎಂದು ಹಿತ್ತಲಲ್ಲಿ ಒಂದು ಖೋಲಿ ಕಟ್ಟುವ ಮಾತು ನಡೆದಿತ್ತು. ಗೌಂಡಿ ಬಂದು ಸ್ಲ್ಯಾಬಿನ ಲೆಕ್ಕ ಹೇಳಿ ಹೋಗಿದ್ದ. ನಾನು ಊಟಕ್ಕೆ ಕುಳಿತಿದ್ದೆ. ಸಾಮಾನ್ಯವಾಗಿ ದೊಡ್ಡವರ ಮಾತಿನ ನಡುವೆ ನಾನು ಬಾಯಿ ಹಾಕುವವಳಲ್ಲ.

“ಸ್ಲ್ಯಾಬ್ ಬ್ಯಾಡ ದೊಡ್ಡವ್ವ. ತೊಲಿ ಅದಾವಲ್ಲ, ಕಲ್ಲೂ ಅದಾವು. ಹಳೇ ಮನಿ ಹಂಗ ಮಾಳಗಿ ಹಾಕೂಣು. ಕೂಸಿಗೆ ತಂಪ ಇರತೈತಿ.”

ದೊಡ್ಡವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಮಣ್ಣಿಂದು. ಸೋರಿದ್ರ? ಹಸಿ ಬಾಣಂತಿ ಮಲಗೂ ಖೋಲಿ ಅದು.”

“ಸೋರಂಗಿಲ್ಲ,” ಅಂದೆ.

“ಮಳಿ ನಿನ್ನ ಮಾತ ಕೇಳತೈತೇನ?”

“ನೀರು ಹೋಗಾಕ ಇಳಿಜಾರ ಲೆಕ್ಕಾ ಹಾಕಿ ಕೊಡ್ತೇನಿ.”

ದೊಡ್ಡಪ್ಪ ತಾಟು ಸರಿಸಿ ಎದ್ದರು. “ಆ ತೊಲಿ ನೋಡಿ ನೋಡಿ ನನ್ನ ಕಣ್ಣ ಸೋತಾವು. ಮಾಡ್ಲಿ ಬಿಡು. ಓದಿದ ಹುಡುಗಿ.”

ನಾನು ಅಷ್ಟು ಖಚಿತವಾಗಿ ‘ಸೋರಂಗಿಲ್ಲ’ ಎಂದದ್ದಕ್ಕೆ ಎರಡು ಕಾರಣ. ಒಂದು, ಮಾಳಿಗೆಯ ಬಗ್ಗೆ ನನಗೆ ನಿಜವಾಗಿಯೂ ನಂಬಿಕೆ ಇತ್ತು. ಇನ್ನೊಂದನ್ನು ಅಂದು ನನಗೆ ನಾನೇ ಹೇಳಿಕೊಂಡಿರಲಿಲ್ಲ: ಬರೀ ನಕ್ಷೆಯ ಪ್ರಬಂಧಕ್ಕಿಂತ ಕಟ್ಟಿ ತೋರಿಸಿದ ಒಂದು ಕೋಣೆ ಇರುವ ಪ್ರಬಂಧ ತೂಕದ್ದಾಗುತ್ತಿತ್ತು.

ಗೌಂಡಿ ನನ್ನ ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದ. “ಇಂಜಿನಿಯರ್‌ಬಾಯಾರ, ಗ್ವಾಡಿ ನಾ ಕಟ್ಟಿ ಕೊಡ್ತೇನ್ರಿ. ಮಾಳಗಿ ಮಾತ್ರ ನಿಮ್ದು. ನಾಳಿ ನನ್ನ ಹೆಸರ ಬರಬಾರ್ದು.” ಆರ್ಕಿಟೆಕ್ಟ್ ಬೇರೆ, ಇಂಜಿನಿಯರ್ ಬೇರೆ ಎಂದು ಮೊದಲ ದಿನ ಅವನಿಗೆ ವಿವರಿಸಿದ್ದೆ. ಎರಡನೆಯ ದಿನದಿಂದ ಬಿಟ್ಟುಬಿಟ್ಟೆ.

ಮಾಳಿಗೆಗೆ ಯಾವ ಮಣ್ಣು ಎಂಬುದನ್ನು ಪರೀಕ್ಷೆಯಿಂದ ನಿರ್ಧರಿಸುವುದೆಂದು ಮೂರು ಖಾಲಿ ಗಾಜಿನ ಬಾಟಲಿ ತಂದೆ. ಮೊದಲನೆಯದರಲ್ಲಿ ಹೊಲದ ಎರೆಮಣ್ಣು. ಎರಡನೆಯದರಲ್ಲಿ ದಿಬ್ಬದ ಮೇಲಿನ ಕೆಂಪು ಮಡ್ಡಿ ಮಣ್ಣು. ಮೂರನೆಯದರ ಮಣ್ಣನ್ನು ನಾನು ತಂದಿರಲಿಲ್ಲ. ಅದನ್ನು ತಂದವಳು ಎದುರು ಮನೆಯ ಅಜ್ಜಿ, ಆಯಿ.

ಆಯಿ ಕುರಿ ಕಾಯುವ ಮನೆತನದವಳು. ಹಳೆಯ ಊರಿನಲ್ಲಿ ಬೇಸಗೆ ಮುಗಿಯುವ ಮೊದಲು ಮನೆಮನೆಯ ಮಾಳಿಗೆಗೆ ಮೇಲುಮಣ್ಣು ಹಾಕುತ್ತಿದ್ದವರು ಆಕೆ ಮತ್ತು ಆಕೆಯ ಗಂಡ. ಹೊಸ ಊರಿನಲ್ಲಿ ಸ್ಲ್ಯಾಬು, ತಗಡು. ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಗಂಡ ತೀರಿಕೊಂಡಿದ್ದ. ತನ್ನ ಒಂದು ಖೋಲಿಯ ಮಾಳಿಗೆಗೆ ಮಾತ್ರ ಪ್ರತಿ ವರ್ಷ ತಾನೇ ಹತ್ತಿ ಮಣ್ಣು ಹಾಕಿಕೊಳ್ಳುತ್ತಿದ್ದಳು. ನಾವು ಮಾಳಿಗೆ ಹಾಕುವ ಸುದ್ದಿ ಕೇಳಿ, ಕರೆಯದೆಯೇ, ಸೆರಗಿನಲ್ಲಿ ಒಂದಿಷ್ಟು ಬೂದುಬಣ್ಣದ ಪುಡಿಮಣ್ಣು ಕಟ್ಟಿಕೊಂಡು ಬಂದಳು. ಸವಳು ಮಣ್ಣು. ಹಳ್ಳದ ದಂಡೆಯಲ್ಲಿ ಹುಲ್ಲು ಹುಟ್ಟದ ಒಂದು ಜಾಗದ್ದು. ಅಲ್ಲಿ ಕುರಿಗಳು ನಿಂತು ನೆಲ ನೆಕ್ಕುತ್ತವೆ ಎಂದಳು.

ಮೂರರಲ್ಲೂ ನೀರು ಹಾಕಿ ಕುಲುಕಿ ಕಿಟಕಿಯ ಮೇಲೆ ಇಟ್ಟೆ. ಎರಡು ದಿನಕ್ಕೆ ಮಡ್ಡಿ ಮಣ್ಣು ಪುಸ್ತಕದ ಚಿತ್ರದಂತೆ ಕೂತಿತು: ಕೆಳಗೆ ಮರಳು, ಮೇಲೆ ಸಣ್ಣ ಕಣ, ಅದರ ಮೇಲೆ ಜಿಗುಟು, ಅದರ ಮೇಲೆ ತಿಳಿನೀರು. ಎರೆಮಣ್ಣು ಸ್ವಲ್ಪ ತಡವಾಗಿ ಕೂತಿತು; ಒಣಗಿದರೆ ಅದು ಬಿರಿಯುತ್ತದೆಂದು ಗೊತ್ತಿತ್ತು. ಸವಳು ಮಾತ್ರ ಕೂರಲಿಲ್ಲ. ಐದನೆಯ ದಿನವೂ ನೀರು ಮಜ್ಜಿಗೆಯಂತೆ ಕದಡಿಯೇ ಇತ್ತು.

ಆಯಿ ಒಂದು ಮಧ್ಯಾಹ್ನ ಬಂದು ಕಿಟಕಿಯ ಮುಂದೆ ನಿಂತಳು. “ಔಷಧ ಮಾಡಾಕತ್ತೀಯೇನ ತಂಗಿ?”

“ಮಣ್ಣ ಪರೀಕ್ಷಾ ಮಾಡಾಕತ್ತೇನ್ರಿ ಆಯಿ.”

“ಪಾಸಾದಾಂವ ಯಾರು?”

ಎರಡನೆಯ ಬಾಟಲಿ ತೋರಿಸಿದೆ.

“ಅದು ಮಡ್ಡಿ ಮಣ್ಣ. ತಳಕ್ಕ ಹಾಕು, ಚಲೋ. ಮ್ಯಾಲ ಒಂದು ಪದರ ಸವಳು ಬೇಕು. ಸವಳಿನಾಗ ನೀರ ಇಳಿಯಂಗಿಲ್ಲ.”

“ಅದರಾಗ ಉಪ್ಪ ಐತ್ರಿ. ಉಪ್ಪಿನ ಮಣ್ಣ ಕಟ್ಟಾಕ ಬರಂಗಿಲ್ಲ.”

“ಯಾರ ಅಂದ್ರು?”

“ಪುಸ್ತಕದಾಗ ಐತ್ರಿ.”

“ಆ ಪುಸ್ತಕದ ಮನಿ ಮ್ಯಾಲ ಮಳಿ ಆಗಿತ್ತೇನ?”

ದೊಡ್ಡವ್ವ ಒಳಗಿನಿಂದ ನಕ್ಕಳು. ನಾನು ನಗಲಿಲ್ಲ. ಅಂದು ಸಂಜೆ ಮೂರನೆಯ ಬಾಟಲಿಗೆ ಚೀಟಿ ಅಂಟಿಸಿ ‘ಕೂರುವುದಿಲ್ಲ. ಬಳಸಬಾರದು’ ಎಂದು ಬರೆದೆ. ನನ್ನ ಅಕ್ಷರ ದುಂಡಗಿದೆ. ಪ್ರಬಂಧದ ನಕ್ಷೆಯಲ್ಲೂ ಅದೇ ದುಂಡಗಿನ ಅಕ್ಷರದಲ್ಲಿ, ಛಾವಣಿಯ ಛೇದಚಿತ್ರದ ಪಕ್ಕ, ಉಪ್ಪಿಲ್ಲದ ಜರಡಿ ಹಿಡಿದ ಮಣ್ಣು ಎಂದು ಬರೆದೆ. ಆಯಿ ಅದಾದ ಮೇಲೆ ಬರಲಿಲ್ಲ. ಎದುರಿಗೇ ಇದ್ದಳು, ತನ್ನ ಕಟ್ಟೆಯ ಮೇಲೆ ಕೂತು ಉಣ್ಣೆ ಹಿಂಜುತ್ತಿದ್ದಳು, ಇಲ್ಲಿಗೆ ಬರಲಿಲ್ಲ.

ಗೋಡೆ ಎದ್ದಿತು, ಹಳೆಯ ಮನೆಯ ಕಲ್ಲೇ. ‘ದೇವರ ಮನಿ ೨’ ಬಾಗಿಲ ಮೇಲೆ ಬಂತು. ದೊಡ್ಡಪ್ಪ ನೀಲಿ ಅಕ್ಷರವನ್ನು ಕೆತ್ತಲು ಬಿಡಲಿಲ್ಲ. ಜಂತಿಗಳನ್ನು ಅವರು ಬರೆದ ಸಂಖ್ಯೆಯ ಪ್ರಕಾರವೇ ಇಟ್ಟೆವು. ಒಂಬತ್ತನೆಯದು ಸಿಗಲಿಲ್ಲ, ಅದು ಯಾವುದೋ ಚಳಿಗಾಲದಲ್ಲಿ ನೀರೊಲೆಗೆ ಹೋಗಿತ್ತು. ಮೇಲೆ ತೊಗರಿ ಕಟ್ಟಿಗೆ, ಬೇವಿನ ಸೊಪ್ಪು, ತುಳಿದ ಹಸಿಮಣ್ಣು, ಅದರ ಮೇಲೆ ನನ್ನ ಜರಡಿ ಹಿಡಿದ ಮಡ್ಡಿ ಮಣ್ಣು. ನಾಲ್ಕು ವಾರ, ವಾರಕ್ಕೆ ಎರಡು ದಿನ ಕೊಲ್ಹಾರ, ಉಳಿದ ದಿನ ಕಾಲೇಜು. ಜರಡಿ ಹಿಡಿದ ತೋಳಿನಿಂದ ಸೋಮವಾರ ಪೆನ್ನು ಹಿಡಿದರೆ ಗೆರೆ ನಡುಗುತ್ತಿತ್ತು. ಫೋಟೋಗಳನ್ನು ನೋಡಿ ನನ್ನ ಮಾರ್ಗದರ್ಶಕರು, “ಇದೇ ಮುಖಪುಟಕ್ಕಿರಲಿ” ಎಂದರು. ಸಂತೋಷವಾಗಬೇಕಿತ್ತು. ನಿದ್ದೆ ಬರುತ್ತಿತ್ತು.

ಸೀಮಂತದ ಕುಬಸ ಮುಗಿಸಿ ಅಕ್ಕ ಬಂದಳು. ಮೊದಲ ಮಧ್ಯಾಹ್ನವೇ ಆ ಖೋಲಿಯಲ್ಲಿ ಮೂರು ತಾಸು ಮಲಗಿ ಎದ್ದು, “ಇಂಡ್ಯಾಗ ಹಿಂಗ ನಿದ್ದಿ ಬಂದಿಲ್ಲ ನೋಡು, ಸ್ಲ್ಯಾಬಿನ ಕೆಳಗ ನಾವೆಲ್ಲ ಹಪ್ಪಳ ಆಗೇವಿ” ಎಂದಳು. ದೊಡ್ಡವ್ವ ಕೂಸಿಗೆಂದು ಹೊಲಿದ ಕೌದಿಯನ್ನು ತಂದು ಆ ಖೋಲಿಯ ಗೂಟಕ್ಕೆ ಹಾಕಿದಳು. ಅವಳು ಒಪ್ಪಿದಳು ಎಂಬುದಕ್ಕೆ ಅದೇ ಗುರುತು.

ಮಿರಗಕ್ಕೆ ಇನ್ನೂ ನಾಲ್ಕು ದಿನ ಇತ್ತು. ನಾನು ಪ್ರಬಂಧದ ಕೊನೆಯ ಅಳತೆ ತೆಗೆದುಕೊಳ್ಳಲು ಬಂದಿದ್ದೆ. ಮರುದಿನ ಬೆಳಗಿನ ಬಸ್ಸಿಗೆ ಹೋಗಿ ನಕ್ಷೆಗಳನ್ನು ಪ್ರಿಂಟಿಗೆ ಕೊಡುವುದಿತ್ತು. ಮಧ್ಯಾಹ್ನ ನಾಲ್ಕರ ಸುಮಾರಿಗೆ ಹಿನ್ನೀರಿನ ಕಡೆಯಿಂದ ಗಾಳಿ ಎದ್ದು ಮಳೆ ಬಂತು. ಮುಕ್ಕಾಲು ತಾಸು ಚೆನ್ನಾಗಿ ಹೊಡೆಯಿತು. ನಾನು ಹೊರಗೆ ನಿಂತು ಮಾಳಿಗೆಯ ಅಂಚಿನಲ್ಲಿ ನೀರು ಹೊರಬಿಡುವ ಕಲ್ಲಿನ ದೋಣಿಯಿಂದ ನೀರು ಬೀಳುವುದನ್ನು ಕಾಯುತ್ತಿದ್ದೆ. ಇಳಿಜಾರು ಸರಿಯಾಗಿದ್ದರೆ ಅಲ್ಲಿಂದ ಧಾರೆ ಬೀಳಬೇಕು. ಬಿದ್ದದ್ದು ನೂಲಿನಷ್ಟು. ಉಳಿದ ನೀರು ಎಲ್ಲಿ ಹೋಯಿತು ಎಂದು ಯೋಚಿಸುತ್ತಿರುವಾಗಲೇ ಒಳಗಿನಿಂದ ಅಕ್ಕ ಕರೆದಳು.

ಏಳನೆಯ ಮತ್ತು ಎಂಟನೆಯ ಜಂತಿಯ ನಡುವೆ ಮೊದಲ ಹನಿ. ಆಮೇಲೆ ಒಂಬತ್ತನೆಯದರ ಜಾಗದಲ್ಲಿ. ಆಮೇಲೆ ಎಣಿಸಲಿಲ್ಲ. ಹನಿಗಳು ಕೆಂಪಗಿದ್ದವು. ಕೌದಿಯ ಮೇಲೆ ಒಂದು ಕೆಂಪು ಪಟ್ಟಿ ಇಳಿದಿತ್ತು.

“ಪಾತ್ರಿ ತಾ,” ಎಂದಳು ದೊಡ್ಡವ್ವ.

ಕೊಡ, ಪರಾತ, ಹಿಟ್ಟಿನ ಬುಟ್ಟಿ, ಮೊಸರಿನ ಗಡಿಗೆ, ಕೈಗೆ ಸಿಕ್ಕಿದ್ದನ್ನು ಇಟ್ಟೆವು. ಅಕ್ಕ ಗೋಡೆ ಹಿಡಿದು ಎದ್ದು ನಿಂತು ಸುತ್ತ ನೋಡಿದಳು. “ಚಲೋ ಆತು ತಂಗಿ. ಕೂಸಿನ ಬಟ್ಟಿ ಒಗ್ಯಾಕ ಹೊಳಿಗೆ ಹೋಗೂದು ತಪ್ಪಿಸೀದಿ.” ನಾನು ಅವಳ ಮುಖ ನೋಡಲಿಲ್ಲ. ಅವಳ ಹಾಸಿಗೆಯನ್ನು ತಗಡಿನ ಅಡಿಗೆಮನೆಗೆ ಸಾಗಿಸಿದೆವು. ತಗಡಿನ ಮೇಲೆ ಮಳೆಯ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ಅದು ನನಗೆ ಅನುಕೂಲವೇ ಆಯಿತು.

ಮಳೆ ನಿಂತ ಮೇಲೆ ಯಾರಾದರೂ ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ದೊಡ್ಡವ್ವ ಕೌದಿ ತೊಳೆದು ಹಗ್ಗಕ್ಕೆ ಹಾಕಿ ಬಂದು, “ವಾರದಾಗ ದಿನ ತುಂಬತಾವು. ಗೌಂಡಿನ್ನ ಕರಸ್ತೇನಿ, ಆ ಮಣ್ಣ ತಗದು ತಗಡರೆ ಹೊಡಿಲಿ” ಎಂದಳು. ದೊಡ್ಡಪ್ಪ ನನ್ನ ಕಡೆ ತಿರುಗಿ, “ನೀ ನಾಳಿ ಬಸ್ಸಿಗೆ ಹೋಗವಾ. ನಿನ್ನ ಪುಸ್ತಕ ಕೊಡೂದ ಐತಿ. ಇದನ್ನ ನಾವು ನೋಡ್ಕೋತೇವಿ” ಎಂದರು. ಬಹಳ ಮೃದುವಾಗಿ ಹೇಳಿದರು. ಅವರು ಅಷ್ಟು ಮೃದುವಾಗಿ ಮಾತಾಡುವುದು ಬೇರೆ ಮನೆಯವರ ಜೊತೆ.

ಕತ್ತಲಾಗುವ ಮೊದಲು ಖೋಲಿಯ ನೆಲ ಒರೆಸಲು ಹೋದೆ. ಕಿಟಕಿಯ ಮೇಲೆ ಮೂರು ಬಾಟಲಿ ಹಾಗೇ ಇದ್ದವು. ಎರಡರಲ್ಲಿ ತಿಳಿನೀರು; ಆಚೆಯ ತೊಗರಿ ಒಟ್ಟಿಲು ಅದರ ಮೂಲಕ ಕಾಣುತ್ತಿತ್ತು. ಮೂರನೆಯದರಲ್ಲಿ, ಎರಡು ತಿಂಗಳಾದ ಮೇಲೂ, ಮಜ್ಜಿಗೆ. ಒರೆಸುವುದನ್ನು ಬಿಟ್ಟು ಅದರ ಮುಂದೆ ಕೂತೆ. ಕಣ ಅಷ್ಟು ಸಣ್ಣದು, ಒಂದಕ್ಕೊಂದು ಅಂಟುವುದಿಲ್ಲ, ಹಾಗಾಗಿ ಕೆಳಗೆ ಕೂರುವುದೂ ಇಲ್ಲ. ಅಂಥದ್ದು ನೀರು ತಾಗಿದರೆ ಕರಗಿ ಹರಡಿ ಕೆಳಗಿನ ಮಣ್ಣಿನ ಪ್ರತಿಯೊಂದು ರಂಧ್ರದಲ್ಲೂ ಹೋಗಿ ತುಂಬಿಕೊಳ್ಳುತ್ತದೆ. ಆಮೇಲೆ ನೀರಿಗೆ ದಾರಿ ಇರುವುದಿಲ್ಲ. ಮಡ್ಡಿ ಮಣ್ಣು ಅಚ್ಚುಕಟ್ಟಾಗಿ ಕೂತು ಮೇಲೆ ತಿಳಿನೀರು ಬಿಟ್ಟಿತ್ತು. ಮಾಳಿಗೆಯ ಮೇಲೂ ಅದು ಮಾಡಿದ್ದು ಅದನ್ನೇ, ನೀರನ್ನು ಬಿಟ್ಟುಕೊಟ್ಟಿತ್ತು. ಪುಸ್ತಕ ಸುಳ್ಳು ಹೇಳಿರಲಿಲ್ಲ. ಅದು ಗೋಡೆಯ ಮಾತು ಹೇಳಿತ್ತು, ಮಾಳಿಗೆಯದಲ್ಲ. ಉತ್ತರವನ್ನು ನಾನೇ ಬಾಟಲಿಯಲ್ಲಿ ತುಂಬಿ, ಕಣ್ಣಿನ ಮಟ್ಟಕ್ಕೆ ಇಟ್ಟು, ಬಳಸಬಾರದು ಎಂದು ಬರೆದಿದ್ದೆ.

ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೂ ದೊಡ್ಡವ್ವನಿಗೆ ಬೇಕಾದದ್ದು ಕಾರಣವಲ್ಲ, ಒಣ ಖೋಲಿ. ನಕ್ಷೆಯ ಕೊಳವೆಯನ್ನು ಚೀಲದ ಪಕ್ಕ ಇಟ್ಟುಕೊಂಡು ಮಲಗಿದೆ.

ಮರುದಿನ ನಸುಕಿನಲ್ಲೇ ಕೊಳವೆಯನ್ನು ಅಲ್ಲೇ ಬಿಟ್ಟು, ಖಾಲಿ ಬುಟ್ಟಿ ಹಿಡಿದು ಆಯಿಯ ಮನೆಗೆ ಹೋದೆ. ಇಪ್ಪತ್ತು ಹೆಜ್ಜೆಯ ದಾರಿ. ಆಯಿ ಅಂಗಳ ಕಸ ಹೊಡೆಯುತ್ತಿದ್ದಳು. ಹೊಸ್ತಿಲಾಚೆ ಅವಳ ಖೋಲಿಯ ನೆಲ ಒಣಗಿತ್ತು.

“ಆಯಿ, ಸವಳು ಮಣ್ಣ ಬೇಕಾಗಿತ್ರಿ.”

ಅವಳು ಕಸಬರಿಗೆ ನಿಲ್ಲಿಸಲಿಲ್ಲ. “ಯಾಕ? ನಿನ್ನ ಪಾಸಾದಾಂವ ಏನಂದ?”

“ಸೋರಿದ.”

ಈಗ ನಿಂತಳು. ನನ್ನನ್ನು ನೋಡಿದಳು, ಬುಟ್ಟಿಯನ್ನು ನೋಡಿದಳು. “ಹಳ್ಳದ ದಂಡಿ ಈಗ ಕೆಸರಾಗಿರತೈತಿ. ಹಸೀದು ಬರಂಗಿಲ್ಲ. ಒಣ ಪುಡೀನ ಬೇಕು.” ಗೋಡೆಯ ಮೂಲೆಯಲ್ಲಿ ಕಂಬಳಿ ಮುಚ್ಚಿದ್ದ ಚೀಲಗಳ ಕಡೆ ಕೈ ಮಾಡಿದಳು. ಆರು ಚೀಲ ಇದ್ದವು. “ಮಿರಗದ ಮುಂದ ನನ್ನ ಮಾಳಗಿಗೆ ಹಾಕಾಕ ಇಟ್ಟಿದ್ದೆ. ನಾಕು ಒಯ್ಯಿ.”

“ನಿಮಗ ಬ್ಯಾಡೇನ್ರಿ?”

“ಹ್ವಾದ ವರ್ಷ ದಪ್ಪ ಹಾಕೇನಿ. ಮತ್ತ ನಾ ಹಡಿಯಾಕೇನ ಹೊಂಟಿಲ್ಲ.”

ಚೀಲ ಎತ್ತಲು ನನ್ನಿಂದ ಆಗಲಿಲ್ಲ. ಬುಟ್ಟಿಯಲ್ಲಿ ತುಂಬಿ ತುಂಬಿ ತಲೆಯ ಮೇಲೆ ಹೊತ್ತು ಬೀದಿ ದಾಟಿದೆ. ಗೌಂಡಿಯನ್ನು ಕರೆಯಲು ಹೊರಟಿದ್ದ ದೊಡ್ಡಪ್ಪ ಬಾಗಿಲಲ್ಲಿ ನಿಂತರು. ಆಮೇಲೆ ಚಪ್ಪಲಿ ಕಳಚಿ ನಿಚ್ಚಣಿಕೆ ಹಿಡಿದರು. ದೊಡ್ಡವ್ವ ನೋಡಿದಳು, ಒಳಗೆ ಹೋದಳು. ಆಯಿ ಕೆಳಗೆ ನಿಂತು ಹೇಳುತ್ತಿದ್ದಳು: ಮೊದಲು ಮೇಲಿನದನ್ನು ಕೆರೆದು ಸಡಿಲು ಮಾಡು, ಎತ್ತರದ ಕಡೆಯಿಂದ ಶುರು ಮಾಡು, ಕೈಯಲ್ಲಿ ಹಿಡಿದು ಉದುರಿಸು, ಸುರಿಯಬೇಡ.

ಆರೂವರೆಯ ಬಸ್ಸು ಸೇತುವೆಯ ಕಡೆಗೆ ಹೋದ ಸದ್ದು ಮಾಳಿಗೆಯ ಮೇಲಿಂದ ಚೆನ್ನಾಗಿ ಕೇಳಿಸಿತು. ಆಗ ನಾನು ಏಳನೆಯ ಜಂತಿಯ ಮೇಲೆ ಮಂಡಿಯೂರಿ ಕೂತಿದ್ದೆ.

“ತೆಳ್ಳಗ,” ಎಂದಳು ಆಯಿ ಕೆಳಗಿನಿಂದ. “ರೊಟ್ಟಿಗೆ ಹಿಟ್ಟ ಉದುರಿಸಿದಂಗ.”

ತೆಳ್ಳಗೆ ಉದುರಿಸಿ, ಅಂಗೈಯಿಂದ ಬಡಿದು, ಎಂಟನೆಯದಕ್ಕೆ ಸರಿದೆ. ಬುಟ್ಟಿ ಖಾಲಿಯಾಯಿತು. ಇನ್ನೊಂದು ತರಲು ಕೆಳಗೆ ಇಳಿದೆ.